ಫೋನಿನಲ್ಲಿ ಕನ್ನಡಕ್ಕೆ ಯಾವ ಕೀಬೋರ್ಡ್: ಊಹಿಸುವುದೋ, ಒತ್ತಿದಷ್ಟೇ ಬರೆಯುವುದೋ?

ವಾಟ್ಸ್‌ಆ್ಯಪ್ ಒಳ್ಳೆಯದೋ ಅದರಂತೆಯೇ ಸಂದೇಶ ಕಳಿಸುವ ಸಿಗ್ನಲ್ ಆ್ಯಪ್ ಒಳ್ಳೆಯದೋ ಎಂಬ ವಾದ 2021ರ ಜನವರಿಯಲ್ಲಿ ಜೋರಾಯಿತು. ವಾಟ್ಸ್‌ಆ್ಯಪ್ ತನ್ನ ಖಾಸಗಿತನದ ನೀತಿಯನ್ನು ಬದಲಿಸಲು ಹೊರಟಿತ್ತು, ಜನ ಗುಂಪುಗುಂಪಾಗಿ ಸಿಗ್ನಲ್‌ಗೆ ಹೋದರು, ಅನೇಕರು ಮರಳಿಯೂ ಬಂದರು. ವಾದ ಇನ್ನೂ ಮುಗಿದಿಲ್ಲ. ಆದರೆ ಈ ಎರಡರಲ್ಲೂ ಬೇರೆ ಯಾರೂ ಓದದಂತೆ ಸಂದೇಶಕ್ಕೆ ಬೀಗ ಬೀಳುವುದು ನಾವು ‘ಕಳುಹಿಸು’ ಒತ್ತಿದ ಮೇಲೆ. ಅದಕ್ಕೂ ಮೊದಲೇ ಪ್ರತಿಯೊಂದು ಅಕ್ಷರ ಇನ್ನೊಂದು ಆ್ಯಪ್‌ನ ಕೈಯಿಂದ ಹಾದು ಬಂದಿರುತ್ತದೆ. ಅದು ಕೀಬೋರ್ಡ್. ನೀವು ಬರೆದು ಅಳಿಸಿದ ಸಾಲನ್ನೂ ಅದು ನೋಡಿರುತ್ತದೆ. ಗೂಗಲ್‌ನಲ್ಲಿ ಹುಡುಕಿದ ಕಾಯಿಲೆಯ ಹೆಸರು, ಮಗಳಿಗೆ ಕಳಿಸಿದ ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವೂ ಅದರ ಕಣ್ಣಿಗೆ ಬಿದ್ದೇ ಹೋಗಿವೆ.

ಇಂಗ್ಲಿಷಿನಲ್ಲಿ ಬರೆಯುವವರು ಫೋನಿನ ಜೊತೆ ಬಂದ ಕೀಬೋರ್ಡ್‌ನಲ್ಲೇ ಇದ್ದುಬಿಡಬಹುದು. ಕನ್ನಡದವರು ಹಾಗಲ್ಲ. ಒತ್ತಕ್ಷರ ಸರಿಯಾಗಿ ಬರಲಿಲ್ಲವೆಂದೋ ಸ್ನೇಹಿತರು ಹೇಳಿದರೆಂದೋ ಪ್ಲೇ ಸ್ಟೋರ್‌ನಲ್ಲಿ ಕಂಡ ಯಾವುದೋ ಕೀಬೋರ್ಡ್ ಹಾಕಿಕೊಳ್ಳುತ್ತೇವೆ. ಹೊಸ ಕೀಬೋರ್ಡ್ ಚಾಲೂ ಮಾಡುವಾಗ, ನೀವು ಒತ್ತುವ ಎಲ್ಲವನ್ನೂ, ಪಾಸ್‌ವರ್ಡ್ ಮತ್ತು ಕಾರ್ಡ್ ಸಂಖ್ಯೆಯನ್ನೂ ಸೇರಿಸಿ, ಈ ಆ್ಯಪ್ ಸಂಗ್ರಹಿಸಬಹುದು ಎಂಬ ಎಚ್ಚರಿಕೆಯನ್ನು ಆ್ಯಂಡ್ರಾಯ್ಡ್ ತೋರಿಸುತ್ತದೆ. ಅದನ್ನು ಓದದೆ ‘ಸರಿ’ ಒತ್ತುವವರೇ ಹೆಚ್ಚು. ಆಯ್ಕೆ ಮಾಡುವುದಾದರೆ ಅಲ್ಲಿಂದ ಶುರು ಮಾಡಬೇಕು.

ಮೊದಲು ಬರೆಯುವ ಬಗೆ, ಆಮೇಲೆ ಆ್ಯಪ್

ಯಾವ ಆ್ಯಪ್ ಎಂದು ಕೇಳುವ ಮೊದಲು ಯಾವ ಬಗೆಯಲ್ಲಿ ಬರೆಯುತ್ತೀರಿ ಎಂದು ಕೇಳಿಕೊಳ್ಳಿ. ಖಾಸಗಿತನದ ಅರ್ಧ ತೀರ್ಮಾನ ಅಲ್ಲಿಯೇ ಆಗಿಬಿಡುತ್ತದೆ ಎಂಬುದು ನನ್ನ ವಾದ.

ಇಂಗ್ಲಿಷ್ ಅಕ್ಷರಗಳಲ್ಲಿ ಬಿ, ಇ, ಎಲ್, ಇ ಎಂದು ಒತ್ತಿ ನೋಡಿ. ಅಂಗಡಿಯಲ್ಲಿ ಕೇಳುವ ಬೆಲೆಗೂ ಅದೇ ನಾಲ್ಕು ಅಕ್ಷರ, ಹೊಲದಲ್ಲಿ ನಿಂತ ಬೆಳೆಗೂ ಅದೇ, ಸಾರಿಗೆ ಹಾಕುವ ಬೇಳೆಗೂ ಅದೇ. ಬರೆಯುವ ಮೊದಲ ಬಗೆ ಇದು: ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಲಿಪ್ಯಂತರ. ಇವತ್ತು ಬಹಳ ಜನ ಬಳಸುವ ಈ ಕೀಬೋರ್ಡ್ ಇಲ್ಲಿ ಊಹಿಸಬೇಕಾಗುತ್ತದೆ. ಹಿಂದಿನ ಪದ ‘ತೊಗರಿ’ ಆಗಿದ್ದರೆ ಬೇಳೆಯೋ ಬೆಳೆಯೋ, ‘ಚಿನ್ನದ’ ಆಗಿದ್ದರೆ ಬೆಲೆ ಎಂದು ಅದು ಲೆಕ್ಕ ಹಾಕುತ್ತದೆ. ನೀವು ಹಿಂದೆ ಯಾವುದನ್ನು ಆರಿಸಿದ್ದಿರಿ ಎಂಬುದನ್ನು ನೆನಪಿಟ್ಟುಕೊಂಡಷ್ಟೂ ಅದರ ಊಹೆ ಸರಿಯಾಗುತ್ತದೆ. ಅಂದರೆ ನಿಮ್ಮ ಬರಹವನ್ನು ನೋಡಿ ಕಲಿಯುವುದು ಅದರ ಕೆಲಸದ ಭಾಗವೇ ಆಗಿದೆ.

ಎರಡನೆಯದು ನಿಯಮದ ಲಿಪ್ಯಂತರ. 1998ರಲ್ಲಿ ಬಂದ ಬರಹ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಬಳಸಿದವರಿಗೆ ಇದು ಗೊತ್ತು. ಚಿಕ್ಕ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ಚಿಕ್ಕ ಇ ಒತ್ತಿದರೆ ಎತ್ವ, ದೊಡ್ಡ ಇ ಒತ್ತಿದರೆ ಏತ್ವ. ಬೇಳೆ ಬೇಕೆಂದರೆ ಮೊದಲ ಇ ಮತ್ತು ಎಲ್ ಎರಡನ್ನೂ ದೊಡ್ಡದಾಗಿ ಒತ್ತಬೇಕು. ಇಲ್ಲಿ ಊಹೆಗೆ ಜಾಗವಿಲ್ಲ, ಹಾಗಾಗಿ ಕೀಬೋರ್ಡ್ ನಿಮ್ಮ ಬಗ್ಗೆ ಏನನ್ನೂ ತಿಳಿದುಕೊಳ್ಳಬೇಕಾಗಿಲ್ಲ.

ಮೂರನೆಯದು ನೇರ ಕನ್ನಡ ವಿನ್ಯಾಸ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ಬಳಕೆಗೆ ತಂದ, ಕರ್ನಾಟಕ ಸರ್ಕಾರ ಪ್ರಮಾಣಿತವೆಂದು ಒಪ್ಪಿದ ಕಗಪ ವಿನ್ಯಾಸ ಇದರಲ್ಲಿ ಮುಖ್ಯವಾದುದು. ನುಡಿ ತಂತ್ರಾಂಶದಲ್ಲಿ ಬರೆದವರ ಬೆರಳಿಗೆ ಇದು ಆಗಲೇ ಗೊತ್ತಿದೆ. ವ್ಯಂಜನದಲ್ಲಿ ಅಕಾರ ಸೇರಿಯೇ ಇರುತ್ತದೆ, ಎಫ್ ಕೀಲಿ ಒತ್ತಿದರೆ ಒತ್ತಕ್ಷರ ಬರುತ್ತದೆ, ಕ್ಯೂ ಅಂದರೆ ಟ, ಡಬ್ಲ್ಯೂ ಅಂದರೆ ಡ, ಎಕ್ಸ್ ಅಂದರೆ ಷ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದೇ ಒತ್ತು. ಇಂಗ್ಲಿಷ್ ಕಾಗುಣಿತದಲ್ಲಿ ಬರೆದರೆ ಏಳು. ಕಡಿಮೆ ಒತ್ತು, ಖಚಿತ ಅಕ್ಷರ, ಶೂನ್ಯ ಊಹೆ. ಕನ್ನಡದ ರಚನೆಯನ್ನು ಬಲ್ಲವರೊಬ್ಬರು ಕೂತು ಯೋಚಿಸಿದ ವಿನ್ಯಾಸವಿದು ಎಂಬುದು ಬರೆಯುತ್ತಾ ಹೋದಂತೆ ತಿಳಿಯುತ್ತದೆ. ಫೋನಿನ ಪೀಳಿಗೆ ಇದನ್ನು ಕೈಬಿಟ್ಟದ್ದು ನನಗೆ ನಿಜವಾಗಿ ಬೇಸರದ ಸಂಗತಿ.

ಇದೇ ಗುಂಪಿಗೆ ಸೇರಿದ ಇನ್‌ಸ್ಕ್ರಿಪ್ಟ್ ಕೇಂದ್ರ ಸರ್ಕಾರದ ವಿನ್ಯಾಸ. ಭಾರತದ ಬೇರೆ ಬೇರೆ ಲಿಪಿಗಳಲ್ಲಿ ಒಂದೇ ಧ್ವನಿಯ ಅಕ್ಷರ ಒಂದೇ ಕೀಲಿಯಲ್ಲಿ ಇರುತ್ತದೆ. ಕಚೇರಿಯಲ್ಲಿ ಹಿಂದಿ ಟೈಪಿಂಗ್ ಕಲಿತವರಿಗೆ ಇದು ಸಲೀಸು. ಉಳಿದವರಿಗೆ ಕಗಪವೇ ಲೇಸು.

ಊಹೆಗೆ ತೆರುವ ಬೆಲೆ

ಕೀಬೋರ್ಡ್ ಊಹಿಸಿದರೆ ಏನು ತೊಂದರೆ ಎನ್ನುವವರು ಚೀನಾದ ಉದಾಹರಣೆಯನ್ನು ನೋಡಬೇಕು. ಅಲ್ಲಿಯ ಜನ ಪಿನ್ಯಿನ್ ಕ್ರಮದಲ್ಲಿ, ಅಂದರೆ ರೋಮನ್ ಅಕ್ಷರಗಳಲ್ಲಿ ಒತ್ತಿ ಚೀನೀ ಅಕ್ಷರವನ್ನು ಆರಿಸಿಕೊಳ್ಳುತ್ತಾರೆ. ನಮ್ಮ ಬೆಲೆ, ಬೆಳೆ, ಬೇಳೆಯ ಗೊಂದಲ ಅಲ್ಲಿ ಹತ್ತು ಪಟ್ಟು. ಒಳ್ಳೆಯ ಊಹೆಗಾಗಿ ಅನೇಕ ಕೀಬೋರ್ಡ್‌ಗಳು ಒತ್ತಿದ ಅಕ್ಷರಗಳನ್ನು ತಮ್ಮ ಸರ್ವರ್‌ಗೆ ಕಳಿಸಿ ಉತ್ತರ ತರಿಸಿಕೊಳ್ಳುತ್ತಿದ್ದವು. ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2024ರ ಏಪ್ರಿಲ್‌ನಲ್ಲಿ ಒಂಬತ್ತು ಕಂಪನಿಗಳ ಇಂಥ ಕೀಬೋರ್ಡ್‌ಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿತು. ಎಂಟು ಕಂಪನಿಗಳ ಕೀಬೋರ್ಡ್‌ಗಳಲ್ಲಿ ದೋಷಗಳಿದ್ದವು. ಅವುಗಳನ್ನು ಬಳಸಿ ಹೊರಗಿನವರು ದಾರಿಯ ನಡುವೆ ಅಕ್ಷರಗಳನ್ನು ಓದಬಹುದಿತ್ತು. ಶಿಯೋಮಿ, ಒಪ್ಪೊ, ವಿವೊ, ಸ್ಯಾಮ್‌ಸಂಗ್ ಹೆಸರುಗಳೂ ಆ ಪಟ್ಟಿಯಲ್ಲಿದ್ದವು. ಬಹುತೇಕ ಕಂಪನಿಗಳು ಆಮೇಲೆ ಸರಿಪಡಿಸಿದವು. ಇದು ಚೀನೀ ಭಾಷೆಯ ಕೀಬೋರ್ಡ್‌ಗಳ ಸಂಗತಿ. ಅದೇ ಕಂಪನಿಯ ಫೋನಿನಲ್ಲಿ ನಾವು ಬರೆಯುವ ಕನ್ನಡಕ್ಕೂ ಹೀಗಾಗಿದೆ ಎಂದು ಇದರಿಂದ ಹೇಳಲಾಗದು. ಆದರೆ ಊಹೆಯ ಕೆಲಸ ಫೋನಿನ ಹೊರಗೆ ನಡೆದರೆ ಅಪಾಯ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನೆರಡು ಪ್ರಕರಣಗಳು ಹಳೆಯವಾದರೂ ನೆನಪಿಡಬೇಕಾದವು. 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸ್ವಿಫ್ಟ್‌ಕೀ ಕೀಬೋರ್ಡ್‌ನಲ್ಲಿ ಅದೇ ವರ್ಷ ಕೆಲವರಿಗೆ ಅಪರಿಚಿತರ ಇಮೇಲ್ ವಿಳಾಸಗಳು ಪದಸಲಹೆಯಾಗಿ ಕಾಣಿಸಿಕೊಂಡವು. ಕಲಿತ ಪದಗಳನ್ನು ಸರ್ವರ್‌ನಲ್ಲಿ ಇಡುವ ಸೌಲಭ್ಯವನ್ನು ಕಂಪನಿ ಆಗ ನಿಲ್ಲಿಸಬೇಕಾಯಿತು. 2017ರ ಡಿಸೆಂಬರ್‌ನಲ್ಲಿ ಎಐ.ಟೈಪ್ ಎಂಬ ಕೀಬೋರ್ಡ್‌ನ ಸುಮಾರು 3.1 ಕೋಟಿ ಬಳಕೆದಾರರ ಮಾಹಿತಿ ಪಾಸ್‌ವರ್ಡ್ ಕೂಡ ಇಲ್ಲದ ಸರ್ವರ್‌ನಲ್ಲಿ ತೆರೆದು ಬಿದ್ದಿದ್ದು ಪತ್ತೆಯಾಯಿತು. ಬಣ್ಣಬಣ್ಣದ ವಿನ್ಯಾಸಗಳಿಂದ ಜನಪ್ರಿಯವಾಗಿದ್ದ ಕೀಬೋರ್ಡ್ ಅದು. ಹಬ್ಬದ ಸ್ಟಿಕ್ಕರ್, ದೇವರ ಚಿತ್ರದ ಹಿನ್ನೆಲೆ ಎಂದು ಆಸೆ ತೋರಿಸುವ ಕೀಬೋರ್ಡ್‌ಗಳನ್ನು ಹಾಕಿಕೊಳ್ಳಬೇಡಿ ಎಂದು ನಾನು ಪರಿಚಯದವರಿಗೆಲ್ಲ ಹೇಳುವುದು ಇದಕ್ಕಾಗಿಯೇ. ಸ್ಟಿಕ್ಕರ್ ಬೇಕಾದರೆ ವಾಟ್ಸ್‌ಆ್ಯಪ್‌ನಲ್ಲೇ ಇದೆ.

ಆ್ಯಪ್‌ಗಳನ್ನು ಎದುರುಬದುರು ಇಟ್ಟರೆ

ಗೂಗಲ್‌ನ ಜಿಬೋರ್ಡ್ ಬಹುಪಾಲು ಆ್ಯಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ಕನ್ನಡದ ಊಹೆಯಲ್ಲಿ ಇದನ್ನು ಮೀರಿಸಿದ್ದನ್ನು ನಾನು ಬಳಸಿಲ್ಲ. ಲಿಪ್ಯಂತರ, ನೇರ ಕನ್ನಡ, ಬೆರಳಲ್ಲಿ ಗೀಚುವ ಕೈಬರಹ, ಧ್ವನಿ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಬರಹದಿಂದ ಕಲಿಯುವುದಕ್ಕೆ ಗೂಗಲ್ 2017ರಿಂದ ಬೇರೆ ದಾರಿ ಹಿಡಿದಿದೆ: ಫೋನ್ ಚಾರ್ಜ್ ಆಗುತ್ತಾ ಸುಮ್ಮನಿರುವಾಗ ಕಲಿಕೆ ಫೋನಿನಲ್ಲೇ ನಡೆಯುತ್ತದೆ, ಕಲಿತದ್ದರ ಸಾರಾಂಶ ಮಾತ್ರ ಗೂಗಲ್‌ಗೆ ಹೋಗುತ್ತದೆ, ನಿಮ್ಮ ವಾಕ್ಯ ಹೋಗುವುದಿಲ್ಲ ಎಂಬುದು ಆ ಪದ್ಧತಿಯ ವಿವರಣೆ. ತಂತ್ರವಾಗಿ ಇದು ಒಳ್ಳೆಯದೇ. ಆದರೆ ನಂಬಿಕೆಯ ಪ್ರಶ್ನೆ ಉಳಿದೇ ಇದೆ, ಏಕೆಂದರೆ ಜಿಬೋರ್ಡ್‌ನ ಮೂಲಸಂಕೇತ, ಅಂದರೆ ಆ್ಯಪ್ ಏನು ಮಾಡಬೇಕೆಂದು ಬರೆದಿಟ್ಟ ಸೋರ್ಸ್ ಕೋಡ್, ಸಾರ್ವಜನಿಕವಲ್ಲ.

ಇದನ್ನೇ ಬಳಸುವುದಾದರೆ ಸೆಟ್ಟಿಂಗ್ಸ್‌ನೊಳಗಿನ ಖಾಸಗಿತನದ ಪುಟಕ್ಕೆ ಒಮ್ಮೆ ಹೋಗಿ. ಬಳಕೆಯ ಅಂಕಿಅಂಶ ಹಂಚುವುದು, ಎಲ್ಲರಿಗಾಗಿ ಧ್ವನಿ ಮತ್ತು ಟೈಪಿಂಗ್ ಸುಧಾರಿಸುವುದು, ಇವೆರಡನ್ನೂ ಆಫ್ ಮಾಡಿಬಿಡಿ. ಊಹೆ ನಿಲ್ಲುವುದಿಲ್ಲ. ಕಲಿತ ಪದಗಳನ್ನೆಲ್ಲ ಅಳಿಸುವ ಆಯ್ಕೆಯೂ ಜಿಬೋರ್ಡ್‌ನಲ್ಲಿದೆ. ನಿಮ್ಮ ಫೋನು ಮಕ್ಕಳ ಕೈಗೋ ಸಹೋದ್ಯೋಗಿಯ ಕೈಗೋ ಹೋಗುತ್ತದೆ ಎಂದಾದರೆ ಇದನ್ನು ಆಗಾಗ ಬಳಸಿ. ಪದಸಲಹೆಯ ಪಟ್ಟಿ ಮನೆಯ ಗುಟ್ಟನ್ನು ಹೊರಹಾಕುವುದು ಸರ್ವರ್ ಸೋರಿಕೆಗಿಂತ ಎಷ್ಟೋ ಸಾಮಾನ್ಯವಾದ ಸಂಗತಿ. ಕ್ಲಿಪ್‌ಬೋರ್ಡ್ ಕೂಡ ಹಾಗೆಯೇ. ನಕಲು ಮಾಡಿದ ಆಧಾರ್ ಸಂಖ್ಯೆ ಅಲ್ಲಿ ಒಂದು ಗಂಟೆ ಉಳಿದಿರುತ್ತದೆ, ಪಿನ್ ಮಾಡಿದರೆ ನೀವು ತೆಗೆಯುವವರೆಗೂ ಇರುತ್ತದೆ.

ಸ್ವಿಫ್ಟ್‌ಕೀ ಎರಡು ಮೂರು ಭಾಷೆಗಳನ್ನು ಬೆರೆಸಿ ಬರೆಯುವವರಿಗೆ ಹಿಡಿಸುತ್ತದೆ. ಕನ್ನಡಕ್ಕಾಗಿಯೇ ಅದನ್ನು ಆರಿಸಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಬಳಸುವವರು ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗದೆ ಬಳಸಿ. ಕಲಿತ ಪದಗಳು ಫೋನಿನಲ್ಲೇ ಉಳಿಯುತ್ತವೆ.

ಇಂಡಿಕ್ ಕೀಬೋರ್ಡ್ ಭಾರತೀಯ ಭಾಷೆಗಳಿಗಾಗಿ ಸ್ವಯಂಸೇವಕರು ಕಟ್ಟಿದ ಮುಕ್ತ ತಂತ್ರಾಂಶ. ಇದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು. ಇದರ ಲಿಪ್ಯಂತರ ನಿಯಮದ ಬಗೆಯದು, ಬರಹ ಬಳಸಿದವರಿಗೆ ಪರಿಚಿತ ಅನ್ನಿಸುತ್ತದೆ. ಹೆಲಿಬೋರ್ಡ್ ಇನ್ನೂ ಕಟ್ಟುನಿಟ್ಟು. ಇದು ಇಂಟರ್‌ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಕೇಳದ ಮೇಲೆ ನಿಮ್ಮ ಅಕ್ಷರವನ್ನು ಅದು ತಾನಾಗಿ ಎಲ್ಲಿಗೂ ಕಳಿಸಲಾರದು. ಕಂಪನಿಯ ಭರವಸೆಯನ್ನು ನಂಬುವ ಪ್ರಮೇಯವೇ ಬರುವುದಿಲ್ಲ. ನೇರ ಕನ್ನಡ ವಿನ್ಯಾಸ ಇದರಲ್ಲಿದೆ, ಪದಸಲಹೆ ಬೇಕಿದ್ದರೆ ನಿಘಂಟನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಜಿಬೋರ್ಡ್‌ನಿಂದ ಇಲ್ಲಿಗೆ ಬಂದವರಿಗೆ ಮೊದಮೊದಲು ಕೈ ಕಟ್ಟಿಹಾಕಿದಂತೆ ಆಗುತ್ತದೆ, ನಿಜ. ವಕೀಲರು, ಪತ್ರಕರ್ತರು, ಆಪ್ತಸಮಾಲೋಚಕರು, ಬೇರೆಯವರ ಗುಟ್ಟನ್ನು ತಮ್ಮ ಫೋನಿನಲ್ಲಿ ಬರೆಯುವ ಯಾರೇ ಆಗಲಿ, ಆ ಕಷ್ಟವನ್ನು ಸಹಿಸಬೇಕು ಎಂದೇ ನಾನು ಹೇಳುತ್ತೇನೆ. ತಮ್ಮ ಮಾತಿನ ವಿಷಯದಲ್ಲಿ ಉದಾರವಾಗಿರಲು ಯಾರಿಗೂ ಹಕ್ಕಿದೆ, ಕಕ್ಷಿದಾರರ ಮಾತಿನ ವಿಷಯದಲ್ಲಿ ಇಲ್ಲ.

ಕಗಪ ವಿನ್ಯಾಸ ಕೊಡುವ ಬೇರೆ ಆ್ಯಪ್‌ಗಳೂ ಪ್ಲೇ ಸ್ಟೋರ್‌ನಲ್ಲಿ ಸಿಗುತ್ತವೆ. ಯಾವುದನ್ನೇ ಹಾಕಿಕೊಳ್ಳುವ ಮೊದಲು ಆ ಆ್ಯಪ್‌ನ ವಿವರದ ಪುಟದ ಕೊನೆಯಲ್ಲಿರುವ ಅನುಮತಿಗಳ ಪಟ್ಟಿಯನ್ನು ತೆರೆಯಿರಿ. ಪೂರ್ಣ ನೆಟ್‌ವರ್ಕ್ ಪ್ರವೇಶ ಎಂಬ ಸಾಲು ಇದೆಯೇ? ಸಂಪರ್ಕಗಳ ಪಟ್ಟಿಯನ್ನೂ ಸ್ಥಳದ ಮಾಹಿತಿಯನ್ನೂ ಕೇಳುತ್ತಿದೆಯೇ? ಅಕ್ಷರ ಮೂಡಿಸಲು ನೀವು ಎಲ್ಲಿದ್ದೀರಿ ಎಂಬುದು ಗೊತ್ತಾಗಬೇಕಿಲ್ಲ. ಅದೇ ಪುಟದಲ್ಲಿ ಕಾಣುವ ‘ಡೇಟಾ ಸುರಕ್ಷತೆ’ಯ ವಿವರ ಆ್ಯಪ್ ಮಾಡಿದವರು ತಾವೇ ಬರೆದುಕೊಟ್ಟಿದ್ದು. ಅದಕ್ಕಿಂತ ಅನುಮತಿಗಳ ಪಟ್ಟಿ ಹೆಚ್ಚು ನಂಬಿಕೆಗೆ ಅರ್ಹ.

ಐಫೋನ್‌ನವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಫೋನಿನ ಜೊತೆಗೇ ಕನ್ನಡ ಕೀಬೋರ್ಡ್ ಇದೆ. ಹೊರಗಿನ ಕೀಬೋರ್ಡ್ ಹಾಕಿಕೊಂಡರೂ ‘ಪೂರ್ಣ ಪ್ರವೇಶ’ ಕೊಡದಿದ್ದರೆ ಅದಕ್ಕೆ ಇಂಟರ್‌ನೆಟ್ ಸಿಗುವುದಿಲ್ಲ, ಪಾಸ್‌ವರ್ಡ್ ಬರೆಯುವ ಜಾಗದಲ್ಲಿ ಆ್ಯಪಲ್ ತನ್ನದೇ ಕೀಬೋರ್ಡ್ ಮುಂದಿಡುತ್ತದೆ. ಪೂರ್ಣ ಪ್ರವೇಶವನ್ನು ಕೊಡಬೇಡಿ. ಅದಿಲ್ಲದೆ ಕೆಲಸವನ್ನೇ ಮಾಡುವುದಿಲ್ಲ ಎನ್ನುವ ಕೀಬೋರ್ಡ್ ನಿಮಗೆ ಬೇಡ.

ಯಾವ ಆ್ಯಪ್ ಆದರೂ ಈ ಐದು ಪದಗಳನ್ನು ಬರೆದು ನೋಡಿ: ಬೇಳೆ, ಅರ್ಥ, ಕೃಷ್ಣ, ಆ್ಯಪ್, ರ‍್ಯಾಲಿ. ಮೊದಲ ಮೂರು ಎಲ್ಲದರಲ್ಲೂ ಹೇಗೋ ಬರುತ್ತವೆ. ಸ್ವರದ ಕೆಳಗೆ ಯ ಒತ್ತು ಬೇಕಾಗುವ ‘ಆ್ಯಪ್’ನಲ್ಲಿ ಕೆಲವು ಎಡವುತ್ತವೆ. ‘ರ‍್ಯಾಲಿ’ಯಲ್ಲಿ ರ ದೊಡ್ಡದಾಗಿ ನಿಂತು ಯ ಒತ್ತಾಗಬೇಕು, ಅನೇಕ ಕೀಬೋರ್ಡ್‌ಗಳು ಅದನ್ನು ಅರ್ಕಾವತ್ತಾಗಿಸಿ ‘ರ್ಯಾಲಿ’ ಮಾಡುತ್ತವೆ. ದಿನವೂ ಸುದ್ದಿ ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ.

ಮೈಕ್ ಒತ್ತಿ ಮಾತಾಡುವುದು

2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡವನ್ನೂ ಧ್ವನಿ ಟೈಪಿಂಗ್‌ಗೆ ಸೇರಿಸಿತು. ಹಿರಿಯರ ಪಾಲಿಗೆ ಇದರಷ್ಟು ಉಪಕಾರ ಮಾಡಿದ ಸೌಲಭ್ಯ ಇನ್ನೊಂದಿಲ್ಲ. ನನ್ನ ಸೋದರತ್ತೆಗೆ ಕನ್ನಡಕ ಹಾಕಿದರೂ ಕೀಲಿಗಳು ಸರಿಯಾಗಿ ಕಾಣುವುದಿಲ್ಲ. ಮಾವಿನಕಾಯಿ ಗೊಜ್ಜಿನ ವಿಧಾನವನ್ನು ಒಗ್ಗರಣೆಯವರೆಗೂ ಹೇಳಿ ಮುಗಿಸಿ ಸೊಸೆಗೆ ಕಳಿಸುತ್ತಾರೆ. ಖಾಸಗಿತನದ ಹೆಸರಿನಲ್ಲಿ ಅವರಿಂದ ಆ ಮೈಕನ್ನು ಕಿತ್ತುಕೊಳ್ಳುವುದು ಅನ್ಯಾಯ.

ಆದರೆ ಧ್ವನಿ ಎಲ್ಲಿ ಅಕ್ಷರವಾಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಸುಲಭ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ, ಮೈಕ್ ಒತ್ತಿ ಮಾತಾಡಿ. ಬರೆಯಿತು ಎಂದಾದರೆ ಕೆಲಸ ಫೋನಿನಲ್ಲೇ ನಡೆಯುತ್ತಿದೆ. ಬರೆಯಲಿಲ್ಲ ಎಂದರೆ ನಿಮ್ಮ ದನಿ ಸರ್ವರ್‌ಗೆ ಹೋಗುತ್ತಿದೆ ಎಂದೇ ತಿಳಿಯಿರಿ. ಲಿಪ್ಯಂತರದ ಊಹೆಯನ್ನೂ ಹೀಗೆಯೇ ಪರೀಕ್ಷಿಸಬಹುದು. ಆಮೇಲೆ ನೆಟ್ ಬಂದಾಗ ಏನು ಕಳಿಸುತ್ತದೆ ಎಂಬುದು ಮಾತ್ರ ಈ ಪರೀಕ್ಷೆಯಿಂದ ತಿಳಿಯದು. 2019ರ ಜುಲೈನಲ್ಲಿ ಗೂಗಲ್ ಅಸಿಸ್ಟೆಂಟ್‌ನ ಸಾವಿರಕ್ಕೂ ಹೆಚ್ಚು ಧ್ವನಿಮುದ್ರಿಕೆಗಳು ಬೆಲ್ಜಿಯಂನ ಸುದ್ದಿಸಂಸ್ಥೆಯೊಂದರ ಕೈಸೇರಿದ್ದವು. ಗುತ್ತಿಗೆಯ ನೌಕರರು ಅವುಗಳನ್ನು ಕೇಳಿ ಅಕ್ಷರಕ್ಕೆ ಇಳಿಸುತ್ತಿದ್ದರು ಎಂಬುದು ಆಗ ಲೋಕಕ್ಕೆ ತಿಳಿಯಿತು. ಗೊಜ್ಜಿನ ವಿಧಾನವನ್ನು ಯಾರು ಕೇಳಿದರೂ ನಷ್ಟವಿಲ್ಲ. ಆಸ್ಪತ್ರೆಯ ವರದಿ, ಆಸ್ತಿಯ ಪಾಲು, ಮದುವೆಯ ಮಾತುಕತೆ ಇಂಥವನ್ನು ಬೆರಳಿನಿಂದ ಬರೆಯಿರಿ, ಇಲ್ಲವೇ ಕರೆ ಮಾಡಿ ಮಾತಾಡಿ.

ಕೀಬೋರ್ಡ್‌ನೊಳಗೆ ಬಂದ ಎಐ

ಸ್ವಿಫ್ಟ್‌ಕೀ 2023ರ ಏಪ್ರಿಲ್‌ನಲ್ಲಿ ಬಿಂಗ್‌ನ ಎಐಯನ್ನು ಕೀಬೋರ್ಡ್‌ನೊಳಗೆ ತಂದಿತು. ಇತರ ಕೀಬೋರ್ಡ್‌ಗಳಲ್ಲೂ ಬರೆದದ್ದನ್ನು ತಿದ್ದಿಕೊಡುವ ಗುಂಡಿಗಳು ಬರುತ್ತಿವೆ. ಪದಸಲಹೆಯನ್ನೂ ಇದನ್ನೂ ಒಂದೇ ಎಂದು ಭಾವಿಸಬೇಡಿ. ಪದಸಲಹೆ ಒಂದೆರಡು ಪದಗಳ ಲೆಕ್ಕ, ಅದನ್ನು ಫೋನಿನಲ್ಲೇ ಮಾಡಲು ಸಾಧ್ಯ. ತಿದ್ದಿಕೊಡುವ ಎಐ ಪೂರ್ತಿ ಸಂದೇಶವನ್ನು ಒಟ್ಟಾಗಿ ತೆಗೆದುಕೊಳ್ಳುತ್ತದೆ, ಅನೇಕ ಬಾರಿ ಸರ್ವರ್‌ಗೇ ಕಳಿಸುತ್ತದೆ. ನೀವು ಸಿಗ್ನಲ್‌ನಲ್ಲೇ ಬರೆಯುತ್ತಿದ್ದರೂ ಆ ಗುಂಡಿ ಒತ್ತಿದ ಕ್ಷಣ ಸಂದೇಶ ಮೂರನೆಯವರ ಕೈಗೆ ಹೋದಂತೆ. ಬ್ಯಾಂಕಿಗೆ ಇಂಗ್ಲಿಷಿನಲ್ಲಿ ದೂರು ಬರೆಯುವಾಗ ಖಾತೆ ಸಂಖ್ಯೆ ತೆಗೆದು ಇದನ್ನು ಬಳಸಿ, ನಿಜಕ್ಕೂ ಸಹಾಯವಾಗುತ್ತದೆ. ಕನ್ನಡದಲ್ಲಿ, ಅದರಲ್ಲೂ ತೀರಿಹೋದವರ ಮನೆಗೆ ಬರೆಯುವ ನಾಲ್ಕು ಸಾಲಿಗೆ, ಇದನ್ನು ಬಳಸಬೇಡಿ. ಅದು ಕೊಡುವ ಕನ್ನಡದಲ್ಲಿ ನಿಮ್ಮ ಊರಿನ ಮಾತೂ ಇರುವುದಿಲ್ಲ, ನೀವೂ ಇರುವುದಿಲ್ಲ.

ಸಿಗ್ನಲ್‌ನ ಆ್ಯಂಡ್ರಾಯ್ಡ್ ಆವೃತ್ತಿಯಲ್ಲಿ ‘ಇನ್‌ಕಾಗ್ನಿಟೊ ಕೀಬೋರ್ಡ್’ ಎಂಬ ಆಯ್ಕೆ ಇದೆ. ಇಲ್ಲಿ ಬರೆಯುವುದನ್ನು ಕಲಿತುಕೊಳ್ಳಬೇಡ ಎಂದು ಅದು ಕೀಬೋರ್ಡ್‌ಗೆ ಹೇಳುತ್ತದೆ. ಕೇಳುವುದು ಬಿಡುವುದು ಕೀಬೋರ್ಡ್‌ಗೆ ಬಿಟ್ಟಿದ್ದು. ಯುಪಿಐ ಪಿನ್ ಬಗ್ಗೆ ಮಾತ್ರ ಹೆದರಿಕೆ ಬೇಡ. ಪಿನ್ ಕೇಳುವ ಪುಟದಲ್ಲಿ ಕಾಣುವ ಅಂಕಿಗಳ ಮಣೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಒದಗಿಸಿದ್ದು, ನಿಮ್ಮ ಕೀಬೋರ್ಡ್ ಅಲ್ಲಿಗೆ ಬರುವುದೇ ಇಲ್ಲ. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್‌ಗೆ ಈ ಮಾತು ಸಾಮಾನ್ಯವಾಗಿ ಅನ್ವಯಿಸದು.

ನಾನು ಯಾರಿಗೆ ಏನು ಹೇಳುತ್ತೇನೆ

ಮನೆಯವರೊಂದಿಗೆ, ಸ್ನೇಹಿತರೊಂದಿಗೆ ಹರಟುವುದಷ್ಟೇ ಇದ್ದರೆ ಜಿಬೋರ್ಡ್ ಸಾಕು, ಹಂಚಿಕೆಯ ಆಯ್ಕೆಗಳನ್ನು ಆಫ್ ಮಾಡಿ ಬಳಸಿ. ಕಾಗುಣಿತ ಕಲಿತ ಕಾಲದ ಹಿರಿಯರಿಗೆ ಲಿಪ್ಯಂತರ ಹೇರಬೇಡಿ. ವ್ಯಂಜನ ಒತ್ತಿದೊಡನೆ ಅದರ ಕಾಗುಣಿತ ಮೇಲಿನ ಸಾಲಿನಲ್ಲಿ ಬರುವ ನೇರ ಕನ್ನಡ ಕೀಬೋರ್ಡ್ ಅವರಿಗೆ ಬೇಗ ಒಗ್ಗುತ್ತದೆ. ಇಂಗ್ಲಿಷ್ ಕಾಗುಣಿತದ ಮೂಲಕ ಕನ್ನಡ ಬರೆಯಬೇಕಾದ ಅಗತ್ಯ ಅವರಿಗಿಲ್ಲ. ಹೊರದೇಶದಲ್ಲಿ ಬೆಳೆಯುತ್ತಿರುವ, ಅಕ್ಷರ ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೂ ಇದೇ ಸರಿ. ಊಹಿಸುವ ಕೀಬೋರ್ಡ್ ಕೊಟ್ಟರೆ ಅವರಿಗೆ ಲ ಯಾವುದು ಳ ಯಾವುದು ಎಂದು ತಿಳಿಯುವ ಸಂದರ್ಭವೇ ಬರುವುದಿಲ್ಲ.

ದಿನವಿಡೀ ಕನ್ನಡ ಬರೆಯುವವರು ಕಗಪ ಕಲಿಯಿರಿ. ಮೊದಲು ವೇಗ ಕುಸಿಯುತ್ತದೆ, ಟ ಮತ್ತು ಡ ಹುಡುಕುವುದರಲ್ಲೇ ಸಿಟ್ಟು ಬರುತ್ತದೆ. ಕೈ ಕೂತ ಮೇಲೆ ಮೂರು ಸಲಹೆಗಳಲ್ಲಿ ಯಾವುದು ಸರಿ ಎಂದು ಪದಪದಕ್ಕೂ ಕಣ್ಣು ಹಾಯಿಸುವ ಶ್ರಮ ಇರುವುದಿಲ್ಲ, ಆ ಬಿಡುವು ಬರಹಕ್ಕೆ ಸಿಗುತ್ತದೆ. ಗುಟ್ಟಿನ ಕೆಲಸ ಮಾಡುವವರಿಗೆ ಹೆಲಿಬೋರ್ಡ್ ಎಂದು ಆಗಲೇ ಹೇಳಿದೆ.

ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು 2023ರಲ್ಲೇ ಬಂದಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳ ಮೇಲೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಒಂದೇ ಕೀಬೋರ್ಡ್‌ಗೆ ಅಂಟಿಕೊಳ್ಳಬೇಕೆಂದೂ ಇಲ್ಲ. ಹರಟೆಗೆ ಜಿಬೋರ್ಡ್, ಗಂಭೀರ ವಿಷಯಕ್ಕೆ ಹೆಲಿಬೋರ್ಡ್ ಎಂದು ಎರಡನ್ನೂ ಇಟ್ಟುಕೊಂಡರೆ ಬರೆಯುವಾಗ ಪರದೆಯ ಕೆಳಮೂಲೆಯಲ್ಲಿ ಕೀಬೋರ್ಡ್‌ನ ಗುರುತು ಕಾಣುತ್ತದೆ, ಒತ್ತಿ ಬದಲಿಸಬಹುದು. ಇವತ್ತೇ ಮಾಡಬಹುದಾದ ಕೆಲಸವೆಂದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಕೀಬೋರ್ಡ್’ ಎಂದು ಹುಡುಕಿ, ಚಾಲೂ ಇರುವ ಕೀಬೋರ್ಡ್‌ಗಳ ಪಟ್ಟಿಯನ್ನು ತೆರೆಯುವುದು. ಎಂದೋ ಹಾಕಿ ಮರೆತ ಕೀಬೋರ್ಡ್ ಅಲ್ಲಿದ್ದರೆ ಗುಂಡಿ ಆಫ್ ಮಾಡಿ ಸುಮ್ಮನಾಗಬೇಡಿ, ಆ ಆ್ಯಪ್‌ ಅನ್ನೇ ಫೋನಿನಿಂದ ತೆಗೆದುಹಾಕಿ. ಅಪ್ಪ, ಅಮ್ಮನ ಫೋನುಗಳಲ್ಲೂ ಅದನ್ನೇ ಮಾಡಿ.